ಗೋಡೆ, ಹಂಚು, ಪಂಖಾ – ನಮ್ಮ ಭಾಗದ ಮನೆಗಳ ತಂಪು ಮತ್ತು ಬಿಸಿಯ ಇತಿಹಾಸ



ಮಾರ್ಚ್ ತಿಂಗಳು ಬಂತೆಂದರೆ ನಮ್ಮ ಭಾಗದ ಶಾಲೆಗಳಲ್ಲಿ ಬೆಳಗಿನ ಶಾಲೆ ಶುರು. ಹನ್ನೊಂದು ಗಂಟೆಯ ಮೇಲೆ ಪತ್ರಾಸಿನ ಕೆಳಗೆ ಮಕ್ಕಳನ್ನು ಕೂಡಿಸಲು ಆಗುವುದಿಲ್ಲ. ಆದರೆ ಅದೇ ಓಣಿಯಲ್ಲಿ ನೂರು ವರ್ಷದ ಹಳೇ ಮಣ್ಣಿನ ಮನೆಯೊಂದು ಉಳಿದಿದ್ದರೆ ಅದರ ಪಡಸಾಲೆಯಲ್ಲಿ ನಡುಮಧ್ಯಾಹ್ನವೂ ಅಜ್ಜಂದಿರು ಪಂಖಾ ಇಲ್ಲದೆ ನಿದ್ದೆ ಮಾಡುತ್ತಿರುತ್ತಾರೆ! ಒಂದೇ ಊರು, ಒಂದೇ ಬಿಸಿಲು. ಹೀಗೇಕೆ? ಇದು ವಿಜ್ಞಾನದ ಪ್ರಶ್ನೆ ಹೌದು, ಆದರೆ ಇತಿಹಾಸದ ಪ್ರಶ್ನೆಯೂ ಹೌದು. ರಾಜರು, ಯುದ್ಧಗಳು, ಇಸವಿಗಳು ಇವಿಷ್ಟೇ ಇತಿಹಾಸವೆಂದು ನಮ್ಮ ಮಕ್ಕಳು ತಿಳಿದಿದ್ದಾರೆ. ತಲೆಯ ಮೇಲಿನ ಸೂರಿಗೂ ಇತಿಹಾಸವಿದೆ.

ಮೊದಲು ನಮ್ಮ ಜಿಲ್ಲೆಯ ಮಳೆಯನ್ನು ನೋಡಬೇಕು. ಪಶ್ಚಿಮಕ್ಕೆ ಗಗನಬಾವಡಾ, ಇನ್ನೂ ದಕ್ಷಿಣಕ್ಕೆ ಘಟ್ಟದ ಮೇಲಿನ ಆಂಬೋಲಿ. ಅಲ್ಲಿ ವರ್ಷಕ್ಕೆ ಐದು ಸಾವಿರ ಮಿಲಿಮೀಟರ್ ದಾಟುವ ಮಳೆ. ಆಂಬೋಲಿಯಲ್ಲಿ ಹುಟ್ಟುವ ಹಿರಣ್ಯಕೇಶಿ ನದಿ ಗಡಹಿಂಗ್ಲಜಕ್ಕೆ ಬರುವಷ್ಟರಲ್ಲಿ ಮಳೆ ಬಹಳ ಕಡಿಮೆಯಾಗಿರುತ್ತದೆ. ಅಲ್ಲಿಂದ ನದಿ ಸಂಕೇಶ್ವರದ ಕಡೆಗೆ ಹರಿದು ಘಟಪ್ರಭೆಯನ್ನು ಸೇರುತ್ತದೆ. ಪೂರ್ವದ ಹಾತಕಣಂಗಲೆ, ಶಿರೋಳ ಕಡೆಗಂತೂ ಘಟ್ಟದ ಮಳೆಯ ಹತ್ತರಲ್ಲೊಂದು ಪಾಲು ಬಂದರೆ ಹೆಚ್ಚು. ಒಂದೇ ಜಿಲ್ಲೆಯಲ್ಲಿ ಇಷ್ಟು ವ್ಯತ್ಯಾಸ! ಹೀಗಾಗಿ ಘಟ್ಟದ ಕಡೆ ಇಳಿಜಾರು ಹಂಚಿನ ಮನೆ, ಪೂರ್ವಕ್ಕೆ ಬಂದಂತೆ ನಮ್ಮ ಉತ್ತರ ಕರ್ನಾಟಕದವರಿಗೆಲ್ಲ ಗೊತ್ತಿರುವ ಮಣ್ಣಿನ ಮಾಳಿಗೆ ಮನೆ. ರಾಜ್ಯದ ಗಡಿಯನ್ನು ನಕ್ಷೆಯಲ್ಲಿ ಎಳೆದಿದ್ದಾರೆ, ಸೂರಿನ ಗಡಿಯನ್ನು ಎಳೆದದ್ದು ಮಳೆ. ಮರಾಠಿಯವರು 'ಕೌಲ' ಎನ್ನುತ್ತಾರೆ, ನಾವು 'ಹಂಚು' ಎನ್ನುತ್ತೇವೆ, ಸೂರು ಒಂದೇ.

ಗಡಹಿಂಗ್ಲಜ ಭಾಗದ ಹಳೇ ಮನೆಯ ಗೋಡೆ ಒಂದು ಮೊಳಕ್ಕೆ ಕಡಿಮೆ ಇರುತ್ತಿರಲಿಲ್ಲ, ಕೆಲವು ಎರಡು ಮೊಳವೂ ಇದ್ದವು. ಇಷ್ಟು ದಪ್ಪದ ಮಣ್ಣು ಬಿಸಿಯನ್ನು ತಡೆಯುತ್ತದೆ ಎನ್ನುವುದಕ್ಕಿಂತ ತಡಮಾಡುತ್ತದೆ ಎನ್ನುವುದೇ ಸರಿ. ಮಧ್ಯಾಹ್ನ ಹೊರಗಿನ ಗೋಡೆಗೆ ಬಿದ್ದ ಬಿಸಿಲು ನಿಧಾನಕ್ಕೆ ಒಳಗೆ ಸಾಗಿ ಒಳಗಿನ ಮೈಗೆ ತಲುಪುವ ಹೊತ್ತಿಗೆ ರಾತ್ರಿಯಾಗಿರುತ್ತದೆ. ಆಗ ಹೊರಗೆ ತಂಗಾಳಿ, ಬಾಗಿಲು ತೆರೆದರಾಯಿತು. ಚಳಿಗಾಲದಲ್ಲಿ ಇದೇ ಗುಣ ಬೆಚ್ಚಗಿಡುತ್ತದೆ. ಮಾಳಿಗೆಯಲ್ಲಿ ಬೆಳಕಿಂಡಿ, ಅದರಿಂದ ಬೆಳಕೂ ಬರುತ್ತಿತ್ತು, ಒಲೆಯ ಹೊಗೆಯೂ ಬಿಸಿಗಾಳಿಯೂ ಹೋಗುತ್ತಿದ್ದವು. ರೈತರ ಮನೆಗಳಲ್ಲಿ ತಲೆಬಾಗಿಲು ದಾಟಿದ ಕೂಡಲೇ ಗ್ವಾದಲಿ, ದನಗಳು. ಈಗಿನವರು ಮೂಗು ಮುಚ್ಚಿಕೊಳ್ಳುತ್ತಾರೆ. ಆದರೆ ಡಿಸೆಂಬರ್ ಚಳಿಯಲ್ಲಿ ನಾಲ್ಕು ಎತ್ತುಗಳ ಮೈಕಾವು ಮನೆಯೊಳಗೇ ಇತ್ತು.

ಇನ್ನು ಇದನ್ನು ಕಾಪಾಡಿಕೊಳ್ಳುವ ಕೆಲಸ. ಈಗ ಯಂತ್ರಕ್ಕೆ 'ಸರ್ವಿಸಿಂಗ್' ಮಾಡಿಸುತ್ತೇವಲ್ಲ, ಆಗ ಮನೆಗೇ ಸರ್ವಿಸಿಂಗ್. ರೋಹಿಣಿ ಮಳೆ ಮುಗಿದು ಮೃಗಶಿರ ಹೂಡುವ ಮೊದಲು ಹಂಚು ಕೈಯಾಡಿಸಬೇಕು, ಒಡೆದದ್ದನ್ನು ಬದಲಿಸಬೇಕು. ಮಾಳಿಗೆಗೆ ಹೊಸ ಬಿಳಿಮಣ್ಣು ಹಾಕಿ ತುಳಿದು ಗಟ್ಟಿ ಮಾಡಬೇಕು, ಮೊಳೆತ ಹುಲ್ಲು ಕೀಳಬೇಕು. ವಾರಕ್ಕೊಮ್ಮೆ ನೆಲ ಸಾರಿಸಬೇಕು, ಹಬ್ಬಕ್ಕೆ ಗೋಡೆ ಸಾರಿಸಿ ಸುಣ್ಣ ಹಚ್ಚಬೇಕು. ಸಾರಿಸುವವರು ಯಾರು? ಹೆಣ್ಣುಮಕ್ಕಳೇ. 'ಹಿಂದಿನ ಮನೆ ಎಷ್ಟು ತಂಪು' ಎಂದು ಹೊಗಳುವಾಗ ಆ ತಂಪಿನ ಹಿಂದೆ ಯಾರ ಸೊಂಟ ಬಾಗಿತ್ತು ಎಂಬುದನ್ನು ನಾವು ಮರೆಯುತ್ತೇವೆ. ಮಣ್ಣಿನ ಮನೆ ಸೋತದ್ದು ಬಿಸಿಲಿಗಲ್ಲ. ವರ್ಷವರ್ಷವೂ ಈ ದುಡಿಮೆ ಮಾಡುವ ಕೈಗಳು ಶಾಲೆಗೆ, ಸಂಬಳಕ್ಕೆ, ಪಟ್ಟಣಕ್ಕೆ ಹೋದವು. ಹೋಗಬೇಕಾದದ್ದೇ!

ಸೂರಿನಲ್ಲಿ ಮೊದಲ ದೊಡ್ಡ ಬದಲಾವಣೆ ಕರಾವಳಿಯಿಂದ ಬಂತು. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಯಂತ್ರದ ಹಂಚಿನ ಕಾರ್ಖಾನೆ ತೆಗೆದರು. 1891ರಲ್ಲಿ ಮೀರಜದಿಂದ ಕೊಲ್ಹಾಪುರಕ್ಕೆ ರೈಲು ಬಂದ ಮೇಲೆ ಇಂಥ ಭಾರದ ಸಾಮಾನು ತರುವುದು ಸುಲಭವಾಯಿತು. ಮಂಗಳೂರು ಹಂಚು ಒಂದಕ್ಕೊಂದು ಕಚ್ಚಿ ಕೂರುತ್ತದೆ, ಸೋರುವುದಿಲ್ಲ, ವರ್ಷವರ್ಷ ಕೈಯಾಡಿಸುವ ತಾಪತ್ರಯ ಕಡಿಮೆ. ಆದರೆ ಕೈಹಂಚನ್ನು ಎರಡು ಮೂರು ಪದರ ಹೊದಿಸಿದಾಗ ನಡುವೆ ನಿಲ್ಲುತ್ತಿದ್ದ ಗಾಳಿ ಇಲ್ಲಿ ಇಲ್ಲ. ಸೋರುವುದು ನಿಂತಿತು, ಸ್ವಲ್ಪ ಸೆಕೆ ಬಂತು. ಅದಕ್ಕೇ ಉಳ್ಳವರು ಹಂಚಿನ ಕೆಳಗೆ ಹಲಗೆಯ ಅಟ್ಟ ಹಾಕಿಸಿದರು.

ಅರಸರ ಮನೆಯ ವಿಷಯ ಬೇರೆ. 1884ರಲ್ಲಿ ಮುಗಿದ ಕೊಲ್ಹಾಪುರದ ಹೊಸ ಅರಮನೆ ಕರಿಕಲ್ಲಿನದು, ಎತ್ತರದ ಕೋಣೆಗಳದ್ದು. ಆ ಕಾಲದ ಸಾಹೇಬರ ಬಂಗಲೆಗಳಲ್ಲಿ ಸೂರಿಗೆ ತೂಗುಬಿಟ್ಟ ಬಟ್ಟೆಯ ಪಂಖಾವನ್ನು ಹೊರಗೆ ಕುಳಿತ ಆಳು ಹಗ್ಗದಿಂದ ಎಳೆಯುತ್ತಿದ್ದ. ಬಾಗಿಲಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಿದ್ದರು. ಈಗಿನ ಕೂಲರ್ ಅಂದರೆ ಈ ಪಂಖಾ ಮತ್ತು ಈ ತಟ್ಟಿ ಎರಡನ್ನೂ ಒಂದೇ ಡಬ್ಬಿಯಲ್ಲಿ ಹಾಕಿದ್ದು, ಅಷ್ಟೇ. 1833ರಲ್ಲಿ ಅಮೆರಿಕದ ಕೆರೆಯ ಮಂಜುಗಡ್ಡೆ ಹಡಗಿನಲ್ಲಿ ಕಲ್ಕತ್ತೆಗೆ ಬಂದು ಮಾರಾಟವಾಯಿತೆಂದರೆ ಮಕ್ಕಳು ನಂಬುವುದಿಲ್ಲ. ಅಂದಹಾಗೆ, ಏಸಿಯನ್ನು 'ಒಂದು ಟನ್', 'ಒಂದೂವರೆ ಟನ್' ಎಂದು ಕೊಳ್ಳುತ್ತೇವಲ್ಲ, ಅದು ಯಂತ್ರದ ತೂಕವಲ್ಲ! ಒಂದು ಅಮೆರಿಕನ್ ಟನ್, ಅಂದರೆ ಸುಮಾರು 907 ಕೆ.ಜಿ. ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಎಷ್ಟು ಬಿಸಿಯನ್ನು ಹೀರುತ್ತದೋ ಅಷ್ಟು ಬಿಸಿಯನ್ನು ಹೊರಹಾಕುವ ಶಕ್ತಿಗೆ ಆ ಹೆಸರು. ಮಂಜುಗಡ್ಡೆಯ ವ್ಯಾಪಾರ ಹೋಯಿತು, ಅಳತೆ ಉಳಿಯಿತು.

ಈಗ ಇಚಲಕರಂಜಿಗೆ ಬರೋಣ. ಈ ಕಥೆಯ ಮುಖ್ಯ ಭಾಗ ಇಲ್ಲೇ ಇದೆ.

ಕೈಮಗ್ಗದ ಕಾಲದಲ್ಲಿ ನೇಕಾರನ ಮನೆಯೇ ಅವನ ಕಾರ್ಖಾನೆ. ಇಚಲಕರಂಜಿ ಇರಲಿ, ನಮ್ಮ ರಬಕವಿ-ಬನಹಟ್ಟಿ ಇರಲಿ, ನೆಲದಲ್ಲಿ ಕುಣಿ ತೋಡಿ ಅದರಲ್ಲಿ ಕಾಲು ಇಳಿಬಿಟ್ಟು ನೇಯುವ ಕುಣಿಮಗ್ಗ. ಕುಣಿ ಯಾಕೆ? ಕಾಲಿನ ಪಾವಟಿಗೆ ತುಳಿಯಲು ಜಾಗ ಬೇಕು, ಅದು ಒಂದು ಕಾರಣ. ಇನ್ನೊಂದು ಕಾರಣ ತೇವ. ಹತ್ತಿಯ ನೂಲಿಗೆ ತೇವ ಇದ್ದರೆ ಶಕ್ತಿ, ಒಣಗಿದರೆ ಪಟಪಟ ಹರಿಯುತ್ತದೆ. ಕುಣಿಯ ತಂಪು ಮಣ್ಣು, ಸಾರಿಸಿದ ನೆಲ, ದಪ್ಪ ಗೋಡೆ, ಸಣ್ಣ ಕಿಟಕಿ ಇವೆಲ್ಲ ಹಾಸಿನ ನೂಲನ್ನು ಕಾಯುತ್ತಿದ್ದವು. ನೂಲನ್ನು ಕಾಯುವ ಮನೆ ಮನುಷ್ಯನನ್ನೂ ಕಾಯುತ್ತಿತ್ತು.

1904ರಲ್ಲಿ ವಿಠ್ಠಲರಾವ್ ದಾತಾರರು ಇಚಲಕರಂಜಿಯಲ್ಲಿ ಮೊದಲ ಯಂತ್ರಮಗ್ಗ ಹಾಕಿದರು. ಆಗಿನ ಜಹಗೀರುದಾರ ನಾರಾಯಣರಾವ್ ಬಾಬಾಸಾಹೇಬ ಘೋರ್ಪಡೆಯವರ ಪ್ರೋತ್ಸಾಹ ಇತ್ತು. ಮುಂದೆ ಊರೆಲ್ಲ ಖಟಖಟ ಸದ್ದು, 'ಮಹಾರಾಷ್ಟ್ರದ ಮ್ಯಾಂಚೆಸ್ಟರ್' ಎಂಬ ಹೆಸರು, 2022ರಲ್ಲಿ ಮಹಾನಗರಪಾಲಿಕೆ. ಯಂತ್ರಮಗ್ಗ ಕುಣಿಯಿಂದ ಮೇಲೆ ಬಂದು ಗಟ್ಟಿ ನೆಲದ ಮೇಲೆ ನಿಂತಿತು, ಮೇಲೆ ಪತ್ರಾಸು ಬಂತು. ಮೋಟಾರುಗಳ ಬಿಸಿಯೂ ಸೇರಿತು. ಒಣಗಿದ ನೂಲಿಗೆ ತೇವ ಕೊಡಲು ನೆಲಕ್ಕೆ ನೀರು ಹೊಡೆಯುವುದು, ತುಂತುರು ಯಂತ್ರ ಹಾಕುವುದು ಶುರುವಾಯಿತು. ಮಗ್ಗದ ಕೋಣೆಯ ಗಾಳಿಯಲ್ಲಿ ತೇವ ನೂರಕ್ಕೆ 75ರಿಂದ 85ರವರೆಗೆ ಇದ್ದರೆ ಹತ್ತಿ ನೇಯ್ಗೆಗೆ ಒಳ್ಳೆಯದು. ಆದರೆ ಮೈಗೆ? ಅಷ್ಟು ತೇವದಲ್ಲಿ ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ನೂಲಿಗೆ ಹಿತವಾದದ್ದು ನೇಕಾರನಿಗೆ ಶಿಕ್ಷೆ!

ಈ ಜಗಳ ನಮ್ಮದಷ್ಟೇ ಅಲ್ಲ. ಇಂಗ್ಲೆಂಡಿನ ಲ್ಯಾಂಕಷೈರ್ ಗಿರಣಿಗಳಲ್ಲಿ ಮಗ್ಗದ ಕೋಣೆಗೆ ಹಬೆ ಬಿಡುತ್ತಿದ್ದರು. ನೇಕಾರರು ಹೋರಾಡಿದ ಮೇಲೆ 1889ರಲ್ಲಿ ಅದಕ್ಕೆ ಮಿತಿ ಹಾಕುವ ಕಾಯ್ದೆ ಬಂತು. ಇನ್ನು ಏಸಿ ಹುಟ್ಟಿದ್ದು ನೋಡಿ. 1902ರಲ್ಲಿ ವಿಲಿಸ್ ಕ್ಯಾರಿಯರ್ ಎಂಬ ತರುಣ ಎಂಜಿನಿಯರ್ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯಕ್ಕಾಗಿ ಅದನ್ನು ರೂಪಿಸಿದ, ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ ಬಣ್ಣ ತಪ್ಪುತ್ತಿತ್ತೆಂದು. 'ಏರ್ ಕಂಡೀಷನಿಂಗ್' ಎಂಬ ಹೆಸರನ್ನು 1906ರಲ್ಲಿ ಬಳಕೆಗೆ ತಂದವನು ಸ್ಟೂವರ್ಟ್ ಕ್ರಾಮರ್, ಅವನು ಹತ್ತಿ ಗಿರಣಿಗಳ ಎಂಜಿನಿಯರ್. ಅಂದರೆ ಯಂತ್ರದ ತಂಪು ಮೊದಲು ಬಂದದ್ದು ಕಾಗದಕ್ಕೆ, ನೂಲಿಗೆ. ಮನುಷ್ಯನ ಸರದಿ ಆಮೇಲೆ. ಇಚಲಕರಂಜಿಯಲ್ಲಿ ಇವತ್ತಿಗೂ ನೂಲಿಗೆ ತುಂತುರು ಸಿಗುತ್ತದೆ, ಪಾಳಿ ಮುಗಿಸಿ ಬಂದವನು ಪತ್ರಾಸಿನ ಕೋಣೆಯಲ್ಲಿ ಹಗಲು ಮಲಗಬೇಕು. ಅವನ ಮಕ್ಕಳು ನಮ್ಮ ಶಾಲೆಗಳಿಗೆ ಬರುವವರೇ, ಅದಕ್ಕೇ ಇಷ್ಟು ಬರೆದೆವು.

ಹಾಗಾದರೆ ಮಣ್ಣಿನ ಮನೆಗೇ ತಿರುಗಿ ಹೋಗೋಣವೇ? ಅಷ್ಟು ಸುಲಭವಲ್ಲ. 1967ರ ಡಿಸೆಂಬರ್ 11ರಂದು ಕೊಯ್ನಾ ಭೂಕಂಪ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ಭೂಕಂಪ, ಸುಮಾರು ಹತ್ತು ಸಾವಿರ ಜನರ ಸಾವು. ಅಲ್ಲಿ ಜನರನ್ನು ಕೊಂದದ್ದು ದಪ್ಪ ಕಲ್ಲುಮಣ್ಣಿನ ಗೋಡೆ ಮತ್ತು ಭಾರದ ಮಣ್ಣಿನ ಮಾಳಿಗೆ. ತಂಪು ಕೊಡುತ್ತಿದ್ದ ಅದೇ ದಪ್ಪ, ಅದೇ ಭಾರ! ಮುಂದೆ 2005, 2019, 2021ರಲ್ಲಿ ಪಂಚಗಂಗೆ, ಕೃಷ್ಣೆಯ ಮಹಾಪೂರ. ನೀರು ನಿಂತ ಕಡೆ ಮಣ್ಣಿನ ಗೋಡೆ ನೆನೆದು ಕುಸಿಯಿತು. ಇಂಥದ್ದನ್ನು ಕಂಡ ಜನ ಸ್ಲ್ಯಾಬ್ ಬಯಸಿದರೆ ತಪ್ಪೇನಿಲ್ಲ. ಆದರೆ ನಾಲ್ಕೈದು ಇಂಚಿನ ಸ್ಲ್ಯಾಬು ಹಗಲೆಲ್ಲ ಬಿಸಿಲು ಕುಡಿದು ರಾತ್ರಿಯೆಲ್ಲ ನಮ್ಮ ಮೇಲೆ ಕಾರುತ್ತದೆ. ಪ್ರಾಣ ಉಳಿಸಿದ ಸೂರು ನಿದ್ದೆ ಕೆಡಿಸಿತು, ಆ ನಿದ್ದೆಯನ್ನು ಈಗ ವಿದ್ಯುತ್ತಿನಿಂದ ಕೊಳ್ಳುತ್ತಿದ್ದೇವೆ.

ಬಿಸಿಯ ವಿಷಯಕ್ಕೆ ಬಂದರೆ, ನಮ್ಮಲ್ಲಿ ಕಾಶ್ಮೀರದಂತೆ ಕೋಣೆ ಕಾಯಿಸುವ ಪದ್ಧತಿ ಇಲ್ಲ. ಅಡುಗೆ ಒಲೆ, ಬಚ್ಚಲ ಹಂಡೆ, ನಡುವೆ ತಾಮ್ರದ ಬಂಬು. ಕಬ್ಬಿನ ಸೀಮೆಯಲ್ಲವೇ, ಉರುವಲಿಗೆ ಒಣ ರವದಿಯೂ ಆದೀತು. ಹೊಗೆ ಜಂತಿಯ ಹುಳ ಓಡಿಸುತ್ತಿತ್ತು ಎಂದು ಹಿರಿಯರು ಹೇಳುವುದು ನಿಜ, ಆದರೆ ಅದೇ ಹೊಗೆ ತಾಯಂದಿರ ಎದೆಗೂ ಹೋಗುತ್ತಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ಕೇಂದ್ರದವರು 1980ರ ದಶಕದಲ್ಲಿ ಹೊಗೆ ಕಡಿಮೆ ಮಾಡುವ ಅಸ್ತ್ರ ಒಲೆಯನ್ನು ಹಳ್ಳಿಗಳಿಗೆ ತಂದರು. ಆಮೇಲೆ ಗ್ಯಾಸು. ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಸಿಗಡಿ, ಮುಚ್ಚಿದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಎರಡೂ ಕಾರ್ಬನ್ ಮೊನಾಕ್ಸೈಡ್ ಬಿಡುತ್ತವೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದ ಮಗು ಬಚ್ಚಲಲ್ಲೇ ಬೀಳುತ್ತದೆ. ಗ್ಯಾಸ್ ಗೀಸರನ್ನು ಬಚ್ಚಲಿನ ಹೊರಗೆ, ಗಾಳಿ ಆಡುವ ಕಡೆ ಹಾಕಿಸಿ. ಬೋರ್‌ವೆಲ್ ನೀರಿನ ಊರಾದರೆ ಕರೆಂಟಿನ ಗೀಸರಿನೊಳಗೆ ಸುಣ್ಣ ಕಟ್ಟುತ್ತದೆ, ವರ್ಷಕ್ಕೊಮ್ಮೆ ಬಿಚ್ಚಿ ತೊಳೆಸಬೇಕು.

ಈಗ ಹೊಸದಾಗಿ ಕೊಳ್ಳುವವರು ನಮ್ಮನ್ನು ಕೇಳುತ್ತಾರೆ, ಕೂಲರೋ ಏಸಿಯೋ ಎಂದು. ಈ ಇತಿಹಾಸ ನೋಡಿದರೆ ಉತ್ತರ ಅಂಗಡಿಯಲ್ಲಿಲ್ಲ, ಸೂರಿನ ಮೇಲಿದೆ. ಮೊದಲು ಸ್ಲ್ಯಾಬಿಗೆ ಅಥವಾ ಪತ್ರಾಸಿಗೆ ಬಿಳಿ ಸುಣ್ಣ. ತೆಲಂಗಾಣ ಸರ್ಕಾರ 2023ರಲ್ಲಿ ತಂಪು ಸೂರಿಗೆ ನೀತಿಯನ್ನೇ ಮಾಡಿತು. ನಂತರ ಪಂಖಾ. ಹಳೆಯದು ಸುಮಾರು 75 ವ್ಯಾಟ್ ತಿನ್ನುತ್ತದೆ, ಬಿಎಲ್‌ಡಿಸಿ ಮೋಟಾರಿನದು 30ರ ಆಸುಪಾಸು. ಹಳೇ ದೊಡ್ಡ ಡಬ್ಬಿಯ ರೆಗ್ಯುಲೇಟರ್ ಇದ್ದರೆ ಬದಲಿಸಿ. ಪಂಖಾ ನಿಧಾನ ಮಾಡಿದಾಗ ಉಳಿಯಬೇಕಾದ ಕರೆಂಟಿನಲ್ಲಿ ಹೆಚ್ಚಿನದು ಆ ಡಬ್ಬಿಯಲ್ಲೇ ಬಿಸಿಯಾಗಿ ಹೋಗುತ್ತದೆ. ಕೂಲರ್ ಮಾರ್ಚ್-ಏಪ್ರಿಲ್ ಒಣ ಗಾಳಿಗೆ ಚೆನ್ನ, ಕಿಟಕಿ ತೆರೆದೇ ಇಡಬೇಕು. ಜೂನ್ ಬಂದ ಮೇಲೆ ಅದು ಮನೆಯನ್ನು ಮಗ್ಗದ ಕೋಣೆ ಮಾಡುತ್ತದೆ! ವಾರಕ್ಕೊಮ್ಮೆ ನೀರು ಚೆಲ್ಲಿ ತೊಟ್ಟಿ ತಿಕ್ಕದಿದ್ದರೆ ಡೆಂಗಿ ಸೊಳ್ಳೆ. ಏಸಿಯೇ ಬೇಕಾದವರು ನಕ್ಷತ್ರ ನೋಡಿ ಕೊಳ್ಳಲಿ, ಎರಡು ವಾರಕ್ಕೊಮ್ಮೆ ಜಾಲರಿ ತೊಳೆಯಲಿ, 24ರಿಂದ ಕೆಳಗಿಳಿಸದೆ ಜೊತೆಗೆ ಪಂಖಾ ಹಚ್ಚಲಿ.

ಸುಣ್ಣದ ಬಗ್ಗೆ ಒಂದು ಮಾತು. ಬಳಿಯುವ ಮೊದಲು ಸ್ಲ್ಯಾಬನ್ನು ಗುಡಿಸಿ ತೊಳೆದು, ಬಿರುಕಿದ್ದರೆ ಮುಚ್ಚಿ, ಸಂಜೆ ಬಿಸಿಲು ಇಳಿದ ಮೇಲೆ ತೆಳ್ಳಗೆ ಎರಡು ಮೂರು ಸಲ ಹಚ್ಚಬೇಕು. ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ, ಮಕ್ಕಳನ್ನು ದೂರವಿಡಿ. ಒಂದು ಮಳೆಗಾಲ ಕಳೆದರೆ ಬಹುಪಾಲು ತೊಳೆದುಹೋಗುತ್ತದೆ, ಹೀಗಾಗಿ ಪ್ರತಿ ವರ್ಷ ಹೋಳಿ ಹುಣ್ಣಿಮೆಯ ಹೊತ್ತಿಗೆ ಮತ್ತೆ ಬಳಿಯಬೇಕಾಗುತ್ತದೆ.