ಹಟ್ಟಿ, ಅಂಗಳ, ತೊಟ್ಟಿಲು: ಕುಂದಾಪುರ ಸೀಮೆಯ ಮನೆಗಳಲ್ಲಿ ಸಾಕುಪ್ರಾಣಿಗಳೂ ಎಳೆಯ ಮಕ್ಕಳೂ

೧

ಕರಾವಳಿ ಕರ್ನಾಟಕದ ಇತಿಹಾಸವನ್ನು ಕುರಿತು ವಿದ್ವಾಂಸರು ನಡೆಸಿದ ಕೆಲಸವು ಅಲ್ಪವಾದುದಲ್ಲ. ಬಿ. ಎ. ಸಾಲೆತ್ತೂರರು ೧೯೩೬ರಲ್ಲಿಯೂ, ಕೆ. ವಿ. ರಮೇಶರು ೧೯೭೦ರಲ್ಲಿಯೂ, ಪಿ. ಗುರುರಾಜ ಭಟ್ಟರು ೧೯೭೫ರಲ್ಲಿಯೂ ಪ್ರಕಟಿಸಿದ ಗ್ರಂಥಗಳು ಆಳುಪರ ಆಳ್ವಿಕೆ, ಬಾರಕೂರು ಬಸರೂರುಗಳ ವೈಭವ, ದೇವಾಲಯಗಳ ಶಿಲ್ಪ ಮೊದಲಾದುವನ್ನು ನಮಗೆ ತಿಳಿಯಪಡಿಸಿವೆ. ಆದರೆ ಅರಸರೂ ಸೆಟ್ಟಿಕಾರರೂ ಆಳಿದ ಈ ನಾಡಿನ ಮನೆಗಳ ಒಳಗೆ ದಿನನಿತ್ಯದ ಬಾಳು ಹೇಗೆ ಸಾಗುತ್ತಿತ್ತೆಂಬ ಪ್ರಶ್ನೆಗೆ ಉತ್ತರವನ್ನು ಹುಡುಕುವ ಯತ್ನವು ಅಷ್ಟಾಗಿ ನಡೆದಿಲ್ಲ. ಈ ಲೇಖನದಲ್ಲಿ ನಾವು ಆ ಬಾಳಿನ ಒಂದು ಮುಖವನ್ನು ಮಾತ್ರ ವಿಚಾರಿಸುವೆವು: ಒಂದೇ ಮಾಡಿನ ಕೆಳಗೆ ಬೆಳೆದ ಎಳೆಯ ಮಕ್ಕಳಿಗೂ ಸಾಕಿದ ಪ್ರಾಣಿಗಳಿಗೂ ಇದ್ದ ಸಂಬಂಧವು ಯಾವ ಬಗೆಯದು? ಅದು ಹೇಗೆ ಮಾರ್ಪಟ್ಟಿತು?

ನಾವು ಆರಿಸಿಕೊಂಡ ಪ್ರದೇಶವು ಕುಂದಾಪುರ, ಬೈಂದೂರು, ಬ್ರಹ್ಮಾವರ ಎಂಬ ಮೂರು ತಾಲ್ಲೂಕುಗಳು. ೧೯೯೭ರಲ್ಲಿ ಉಡುಪಿ ಜಿಲ್ಲೆಯು ರಚಿತವಾಗುವವರೆಗೆ ಇವು ದಕ್ಷಿಣ ಕನ್ನಡಕ್ಕೆ ಸೇರಿದ್ದುವು. ಬೈಂದೂರು ಕುಂದಾಪುರ ತಾಲ್ಲೂಕಿನಿಂದಲೂ, ಬ್ರಹ್ಮಾವರವು ಉಡುಪಿ ತಾಲ್ಲೂಕಿನಿಂದಲೂ ಬೇರ್ಪಟ್ಟು ೨೦೧೮ರಲ್ಲಿ ತಾಲ್ಲೂಕುಗಳಾದುವು. ಆಡಳಿತದ ಗೆರೆಗಳು ಹೊಸವಾದರೂ ಗದ್ದೆ, ತೆಂಗು, ಹೊಳೆ, ಕಡಲುಗಳನ್ನು ನಂಬಿದ ಜೀವನಕ್ರಮವು ಮೂರು ಕಡೆಗಳಲ್ಲಿಯೂ ಬಹುಮಟ್ಟಿಗೆ ಒಂದೇ ಆಗಿತ್ತು.

೨

ಮೊದಲು ಭಾಷೆಯ ಸಾಕ್ಷ್ಯವನ್ನು ನೋಡಬಹುದು. ಕನ್ನಡದಲ್ಲಿ ಮಗುವನ್ನು ಪೋಷಿಸುವುದಕ್ಕೂ ಪ್ರಾಣಿಯನ್ನು ಪೋಷಿಸುವುದಕ್ಕೂ ಇರುವ ಕ್ರಿಯಾಪದವು ಒಂದೇ. ಅದು 'ಸಾಕು' ಎಂಬುದು. ಸಾಕುಮಗ, ಸಾಕುತಾಯಿ, ಸಾಕುನಾಯಿ ಎಂಬ ಮಾತುಗಳಲ್ಲಿ ಆ ಪದವು ಭೇದವಿಲ್ಲದೆ ನಿಲ್ಲುತ್ತದೆ. 'ಮಗು ಅಳುತ್ತದೆ', 'ಕರು ಕೂಗುತ್ತದೆ' ಎಂಬ ವಾಕ್ಯಗಳಲ್ಲಿ ಕ್ರಿಯೆಯ ರೂಪವೂ ಒಂದೇ: ವ್ಯಾಕರಣದ ದೃಷ್ಟಿಯಿಂದ ಎರಡೂ ನಪುಂಸಕಲಿಂಗಗಳು. ನಾಯಿಯ 'ಮರಿ'ಯೂ ತಾಯಿಯು ಮುದ್ದಿನಿಂದ ಕರೆಯುವ 'ಮರಿ'ಯೂ ಬೇರೆಯಲ್ಲ. ಗಂಗೆ, ಗೌರಿ, ಲಕ್ಷ್ಮಿ, ತುಂಗೆ ಎಂಬ ಹೆಸರುಗಳನ್ನು ಮನೆಯ ಹೆಣ್ಣುಮಕ್ಕಳಿಗೂ ಹಟ್ಟಿಯ ಆಕಳುಗಳಿಗೂ ಇಡುತ್ತಿದ್ದುದು ಈ ಸೀಮೆಯಲ್ಲಿ ಸಾಮಾನ್ಯ.

ಇಷ್ಟರಿಂದಲೇ ಪ್ರಾಣಿಗಳನ್ನು ಮಕ್ಕಳಂತೆ ಕಾಣುತ್ತಿದ್ದರೆಂದು ತೀರ್ಮಾನಿಸುವುದು ಅವಸರದ ಮಾತಾದೀತು. ಇಂಗ್ಲೆಂಡಿನ ಇತಿಹಾಸಕಾರ ಕೀತ್ ಥಾಮಸರು ೧೯೮೩ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಮುದ್ದಿನ ಪ್ರಾಣಿಯ ಲಕ್ಷಣಗಳನ್ನು ಮೂರಾಗಿ ಹೇಳಿದ್ದಾರೆ: ಅದಕ್ಕೆ ಮನೆಯೊಳಗೆ ಪ್ರವೇಶವುಂಟು, ಅದಕ್ಕೊಂದು ಹೆಸರುಂಟು, ಅದನ್ನು ತಿನ್ನುವುದಿಲ್ಲ. ಈ ಒರೆಗಲ್ಲಿಗೆ ನಮ್ಮ ಮನೆಗಳನ್ನು ಉಜ್ಜಿ ನೋಡಿದರೆ ಕುತೂಹಲಕರವಾದ ಫಲಿತಾಂಶವು ದೊರೆಯುತ್ತದೆ. ಆಕಳಿಗೆ ಹೆಸರುಂಟು, ಪೂಜೆಯುಂಟು. ಆದರೆ ಅದರ ಎಡೆ ಹಟ್ಟಿ. ನಾಯಿಗೆ ಹೆಸರುಂಟು, ಆದರೆ ಅದು ಹೊಸ್ತಿಲು ದಾಟುವಂತಿಲ್ಲ. ಕೋಳಿಯನ್ನು ಮಕ್ಕಳು ಮರಿಯಿಂದ ನುಚ್ಚು ಹಾಕಿ ಬೆಳೆಸಿದರೂ ನೆಂಟರು ಬಂದ ದಿನ ಅದು ಅಡುಗೆಯ ಮನೆಗೆ ಹೋಗುವುದು. ಒಲೆಯ ಬುಡದವರೆಗೆ ಸಲ್ಲುವ ಸ್ವಾತಂತ್ರ್ಯವಿದ್ದ ಬೆಕ್ಕನ್ನು ಬಹುಮಟ್ಟಿಗೆ 'ಬೆಕ್ಕು' ಎಂದೇ ಕರೆಯುತ್ತಿದ್ದರು. ಮೂರು ಲಕ್ಷಣಗಳನ್ನೂ ತುಂಬಿಕೊಂಡ ಪ್ರಾಣಿಯು ಈ ಮನೆಗಳಲ್ಲಿ ಅಪರೂಪ. ಆದರೂ ಎಲ್ಲವೂ 'ಸಾಕಿದ' ಪ್ರಾಣಿಗಳೇ. ಆದುದರಿಂದ ಇಲ್ಲಿ ಸಾಕುವುದೆಂದರೆ ಮುದ್ದಿಸುವುದಷ್ಟೇ ಅಲ್ಲ. ಮನೆಯ ದುಡಿಮೆಯಲ್ಲಿಯೂ ಊಟದಲ್ಲಿಯೂ ಪಾಲು ಕೊಡುವುದೆಂದು ಅರ್ಥಮಾಡಬೇಕಾಗುತ್ತದೆ. ಆ ಪಾಲನ್ನು ಹಂಚುವ ಕೈ ಹೆಚ್ಚಾಗಿ ಮಕ್ಕಳದಾಗಿತ್ತೆಂಬುದೇ ನಮ್ಮ ವಾದ.

೩

ಹದಿನಾಲ್ಕನೆಯ ಶತಮಾನದ ಮಧ್ಯಭಾಗದಲ್ಲಿ ಈ ದಾರಿಯಾಗಿ ಸಾಗಿದ ಇಬ್ನ್ ಬತೂತನು, ಬಸರೂರೆಂದು ವಿದ್ವಾಂಸರು ಗುರುತಿಸುವ 'ಅಬೂ ಸರೂರ'ನ್ನು ಮಲಬಾರಿನ ಮೊದಲ ಊರೆಂದು ಎಣಿಸುತ್ತಾನೆ. ಆ ನಾಡಿನಲ್ಲಿ ಪ್ರತಿಯೊಬ್ಬನಿಗೂ ಬೇರೆ ತೋಟ, ತೋಟದ ನಡುವೆ ಮನೆ, ಸುತ್ತಲೂ ಮರದ ಬೇಲಿ ಇದ್ದುದನ್ನು ಅವನು ವರ್ಣಿಸಿದ್ದಾನೆ. ಊರೊಟ್ಟಾಗಿ ಕೇರಿಗಳಲ್ಲಿ ವಾಸಿಸುವ ಬಯಲುಸೀಮೆಗೂ ಈ ಸೀಮೆಗೂ ಇರುವ ಅಂತರವು ಇಲ್ಲಿಯೇ ಇದೆ. ನೆರೆಮನೆಯು ಕೂಗಳತೆಯಲ್ಲಿರುವಾಗ ಎಳೆಯ ಮಗುವಿಗೆ ದಿನವಿಡೀ ಒಡನಾಡಿಗಳಾಗಿ ದೊರೆಯುತ್ತಿದ್ದುದು ಒಡಹುಟ್ಟಿದವರು, ಕರು, ನಾಯಿಮರಿ, ಕೋಳಿಪಿಳ್ಳೆಗಳು. ಜೂನಿನಿಂದ ಸೆಪ್ಟೆಂಬರಿನವರೆಗೆ ಸುರಿಯುವ ಮಳೆಯು ಈ ಒಡನಾಟವನ್ನು ಇನ್ನಷ್ಟು ಹತ್ತಿರಕ್ಕೆ ತರುತ್ತಿತ್ತು.

ಆದರೆ ಮನೆಯ ಪ್ರತಿಯೊಂದು ಭಾಗಕ್ಕೂ ಒಂದೊಂದು ಎಲ್ಲೆಯಿತ್ತು. ಹಟ್ಟಿಯು ದನಗಳಿಗೆ, ಅಂಗಳವು ನಾಯಿಗೆ, ಮಗುಚಿದ ಬುಟ್ಟಿಯ ಅಡಿಯು ಕೋಳಿಗೆ, ಒಲೆಯ ಬದಿಯು ಬೆಕ್ಕಿಗೆ. ಜಾತಿಗೆ ತಕ್ಕಂತೆಯೂ ಎಲ್ಲೆಗಳು ಬದಲಾಗುತ್ತಿದ್ದುವು. ಬ್ರಾಹ್ಮಣರ ಮನೆಗಳಲ್ಲಿ ಕೋಳಿಯಿಲ್ಲ; ಕಡಲಬದಿಯ ಮೊಗವೀರರ ಮನೆಗಳಲ್ಲಿ ಮೀನಿನ ಬುಟ್ಟಿಯ ಹಿಂದೆಯೇ ಬೆಕ್ಕು. ಈ ಎಲ್ಲ ಎಲ್ಲೆಗಳನ್ನು ದಿನಕ್ಕೆ ಹತ್ತು ಸಲ ದಾಟುತ್ತಿದ್ದ ಜೀವವೊಂದೇ, ಅದು ಮಗು. ಅಕ್ಕಿ ತೊಳೆದ ಅಕ್ಕಚ್ಚನ್ನು ಅಡುಗೆಮನೆಯಿಂದ ಹಟ್ಟಿಗೆ ಒಯ್ಯುವುದು, ಎಲೆಯಲ್ಲಿ ಉಳಿದ ಅನ್ನವನ್ನು ನಾಯಿಗೆ ಹಾಕುವುದು, ಸಂಜೆ ಕೋಳಿಗಳನ್ನು ಕೂಡುವುದು, ಇವು ನಡೆಯಲು ಕಲಿತ ಕೆಲವೇ ವರ್ಷಗಳಲ್ಲಿ ಮಗುವಿಗೆ ಒಪ್ಪಿಸಿದ ಕೆಲಸಗಳು. ದೀಪಾವಳಿಯ ಗೋಪೂಜೆಯಂದು ದನಗಳ ಮೈತೊಳೆದು, ಅಕ್ಕಿಹಿಟ್ಟಿನ ನೀರಿನಿಂದ ದುಂಡನೆಯ ಮುದ್ರೆಗಳನ್ನೊತ್ತಿ, ಹೂಮಾಲೆ ತೊಡಿಸಿ, ತಿಂಡಿ ತಿನ್ನಿಸುವ ಸಂಭ್ರಮದಲ್ಲಿಯೂ ಮುಂದಾಳುಗಳು ಮಕ್ಕಳೇ.

೪

ಈ ಸೀಮೆಯಲ್ಲಿ ದನಕರುಗಳಿಗೆ 'ಗಂಟಿ' ಎಂದು ಹೆಸರು. ಗಂಟಿ ಕಾಯುವುದು ಹುಡುಗರ ಮೊದಲ ವೃತ್ತಿ. ಇದು ಸಾಧ್ಯವಾದುದಕ್ಕೆ ಪ್ರಾಣಿಯ ಮೈಕಟ್ಟೂ ಒಂದು ಕಾರಣವೆಂಬುದನ್ನು ಮರೆಯಬಾರದು. ಇಂದು 'ಮಲೆನಾಡು ಗಿಡ್ಡ' ಎಂದು ತಳಿಶಾಸ್ತ್ರಜ್ಞರು ಕರೆಯುವ ಊರದನವು ಸುಮಾರು ಮೂರು ಅಡಿಯಷ್ಟೇ ಎತ್ತರವಾದುದು. ಗುಡ್ಡದ ಒರಟು ಹುಲ್ಲನ್ನೂ ಬಿಡದ ಮಳೆಯನ್ನೂ ತಾಳಿಕೊಳ್ಳುವಂತಹುದು. ಎಂಟು ವರ್ಷದ ಬಾಲಕನು ಹಗ್ಗ ಹಿಡಿದು ನಡೆಸಬಲ್ಲ ದನವದು.

ಆದರೆ ಈ ವೃತ್ತಿಯು ಕೇವಲ ಆಟವಾಗಿರಲಿಲ್ಲ. ೧೮೭೧ರ ದನಗಳ ಅತಿಕ್ರಮಣದ ಕಾಯಿದೆಯ ಮೇರೆಗೆ ಪರರ ಪೈರಿಗೆ ನುಗ್ಗಿದ ದನವನ್ನು ದೊಡ್ಡಿಗೆ ಹಾಕಬಹುದಾಗಿತ್ತು. ದಂಡ ತೆತ್ತು ಬಿಡಿಸಿಕೊಳ್ಳಬೇಕಾಗಿತ್ತು. ಕಾಯುವ ಹುಡುಗನ ಒಂದು ಗಳಿಗೆಯ ಮೈಮರೆವು ಬಡ ಒಕ್ಕಲಿನ ಮನೆಗೆ ನಗದು ನಷ್ಟ, ಹುಡುಗನಿಗೆ ಪೆಟ್ಟು. ಇದಕ್ಕಿಂತಲೂ ದೊಡ್ಡ ನಷ್ಟವೆಂದರೆ ಶಾಲೆ. ಗಂಟಿಯ ಹಿಂದೆ ಹೋದ ಮಗುವು ಮಗ್ಗಿಯ ಪುಸ್ತಕದ ಹಿಂದೆ ಹೋಗಲಿಲ್ಲ. ಕರುವಿನ ಕೊರಳು ತಬ್ಬಿದ ಬಾಲ್ಯವನ್ನು ನೆನೆದು ಮರುಗುವ ಬರಹಗಳನ್ನು ಓದುವಾಗ ಈ ಲೆಕ್ಕವನ್ನೂ ವಿದ್ಯಾರ್ಥಿಗಳು ಎದುರಿಗೆ ಇಟ್ಟುಕೊಳ್ಳಬೇಕು.

೫

ಇನ್ನು ಭಯದ ಇತಿಹಾಸ. ದನಗಳಿದ್ದಲ್ಲಿ ಹುಲ್ಲು, ಭತ್ತವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಹಾವು. ಬೆಕ್ಕನ್ನು ಸಾಕಿದ ಕಾರಣವೂ ಇದೇ. ಆದರೆ ಆ ಬೆಕ್ಕನ್ನೇ ತೊಟ್ಟಿಲ ಬಳಿಗೆ ಬಿಡಬಾರದೆಂಬ ಎಚ್ಚರಿಕೆಯೂ ಹಿರಿಯರ ಬಾಯಲ್ಲಿದೆ. ಮಗುವನ್ನು ಪ್ರಾಣಿಯ ವಶಕ್ಕೆ ಬಿಟ್ಟು ಹೋಗಬಹುದೇ ಎಂಬ ಈ ಶಂಕೆಯೇ ಪಂಚತಂತ್ರದ ಮುಂಗುಸಿಯ ಕಥೆಯ ಜೀವಾಳ. ತೊಟ್ಟಿಲ ಮಗುವನ್ನು ಹಾವಿನಿಂದ ಉಳಿಸಿದ ಮುಂಗುಸಿಯ ಬಾಯಲ್ಲಿ ರಕ್ತವನ್ನು ಕಂಡು, ವಿಚಾರಿಸದೆ ಅದನ್ನು ಕೊಂದು, ಒಳಗೆ ನಗುತ್ತಿರುವ ಮಗುವನ್ನು ಕಂಡು ಮರುಗುವ ಆ ಕಥೆಯನ್ನು ಕೇಳದ ಕನ್ನಡದ ಮಗುವಿಲ್ಲ. ಪಂಚತಂತ್ರವನ್ನು ದುರ್ಗಸಿಂಹನು ಕನ್ನಡಕ್ಕೆ ತಂದುದು ೧೦೩೧ರ ಸುಮಾರಿಗೆ. ಇದೇ ಕಥೆಯು ದೇಶದಿಂದ ದೇಶಕ್ಕೆ ಸಾಗಿ ಯೂರೋಪಿನಲ್ಲಿ ನಾಯಿಯ ಕಥೆಯಾಯಿತು. ಫ್ರಾನ್ಸಿನ ಲಿಯೋನ್ ನಗರದ ಸಮೀಪದಲ್ಲಿ ಹದಿಮೂರನೆಯ ಶತಮಾನದ ತಾಯಂದಿರು ಹೀಗೆ ಮಡಿದ ಗಿನ್‌ಫೋರ್ ಎಂಬ ಬೇಟೆನಾಯಿಯನ್ನು ಸಂತನೆಂದು ನಂಬಿ, ರೋಗಿಷ್ಠ ಶಿಶುಗಳನ್ನು ಅದರ ಸಮಾಧಿಗೆ ಒಯ್ಯುತ್ತಿದ್ದರೆಂದು ಬೂರ್ಬೋನಿನ ಸ್ತೇಫಾನನೆಂಬ ಪಾದ್ರಿಯು ಬರೆದಿಟ್ಟಿದ್ದಾನೆ.

ನಾಯಿಯ ಸ್ಮಾರಕವು ಕನ್ನಡನಾಡಿಗೂ ಹೊಸದಲ್ಲ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, ಕ್ರಿ. ಶ. ೯೪೯-೫೦ರ ಆತಕೂರು ಶಾಸನವು ಹಂದಿಯೊಡನೆ ಹೋರಾಡಿ ಸತ್ತ 'ಕಾಳಿ' ಎಂಬ ನಾಯಿಗೆ ಮಣಲೆರನು ಕಲ್ಲು ನಿಲ್ಲಿಸಿದುದನ್ನು ತಿಳಿಸುತ್ತದೆ. ಆ ಕಲ್ಲಿನ ಪೂಜೆಗೆ ಭೂಮಿಯನ್ನೂ ಬಿಡಲಾಯಿತು. ಆದರೆ ಅದು ಬೇಟೆಯ ಶೌರ್ಯಕ್ಕೆ ಸಂದ ಗೌರವ. ಅಂಗಳದಲ್ಲಿ ಮಗುವನ್ನು ಕಾದು ಸತ್ತ ನಾಯಿಗೆ ಕಲ್ಲು ನಿಲ್ಲಿಸಿದವರಿಲ್ಲ; ಅದರ ಇತಿಹಾಸವು ಕಥೆಯಲ್ಲಿ ಮಾತ್ರ ಉಳಿಯಿತು.

ಕಥೆಯ ಶಂಕೆಗೆ ವಾಸ್ತವದ ಆಧಾರವೂ ಇತ್ತು. ಹುಚ್ಚುನಾಯಿಯ ಕಡಿತಕ್ಕೆ ಪಾಶ್ಚರನು ೧೮೮೫ರಲ್ಲಿ ಮೊದಲ ಬಾರಿಗೆ ಚುಚ್ಚುಮದ್ದು ಹಾಕಿಸಿದುದು ಒಂಬತ್ತು ವರ್ಷದ ಬಾಲಕನಿಗೆ. ದಕ್ಷಿಣ ಭಾರತದ ಪಾಶ್ಚರ್ ಸಂಸ್ಥೆಯು ಕೂನೂರಿನಲ್ಲಿ ಆರಂಭವಾದುದು ೧೯೦೭ರಲ್ಲಿ. ಹೊಳೆಹೊಳೆಗೂ ದೋಣಿ ದಾಟಬೇಕಾಗಿದ್ದ ಕುಂದಾಪುರದ ಬಡವನಿಗೆ ನೀಲಗಿರಿಯ ಆ ಮದ್ದು ಎಷ್ಟು ದೂರದ್ದೆಂಬುದನ್ನು ಊಹಿಸಬಹುದು. ಶಂಕಿತ ಪ್ರಾಣಿಗಳಿಂದ ಕಚ್ಚಿಸಿಕೊಂಡವರಲ್ಲಿ ನೂರಕ್ಕೆ ನಲವತ್ತರಷ್ಟು ಮಂದಿ ಹದಿನೈದು ವರ್ಷದೊಳಗಿನ ಮಕ್ಕಳೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ನಾಯಿಗೆ ಅತಿ ಸಮೀಪದಲ್ಲಿರುವವನೂ ಕಡಿತವನ್ನು ಮನೆಯವರಿಂದ ಮುಚ್ಚಿಡುವವನೂ ಮಗುವೇ ಆದುದರಿಂದ ಇದು ಆಶ್ಚರ್ಯವಲ್ಲ.

೬

ಪ್ರಾಣಿಗೂ ಮಗುವಿಗೂ ಸಲ್ಲುತ್ತಿದ್ದ ಎಡೆಯನ್ನು ಕುರಿತು ಬರೆಯುವಾಗ ಇನ್ನೊಂದು ಕಠಿಣವಾದ ಸಂಗತಿಯನ್ನು ಬಿಡುವಂತಿಲ್ಲ. ಅಂಗಳದಲ್ಲಿ ನಾಯಿಯು ಮಲಗಬಹುದಾಗಿತ್ತು. ಅಸ್ಪೃಶ್ಯರೆನಿಸಿದವರ ಮಕ್ಕಳು ಅದೇ ಅಂಗಳದ ಹೊರಗೆ ನಿಲ್ಲಬೇಕಾಗಿತ್ತು. ಬ್ರಹ್ಮಾವರ ತಾಲ್ಲೂಕಿನ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ೧೯೩೩ರಲ್ಲಿ ಪ್ರಕಟಿಸಿದ 'ಚೋಮನ ದುಡಿ'ಯಲ್ಲಿ ಚೋಮನು ಕಾಡಿನಲ್ಲಿ ದೊರೆತ ಎತ್ತುಗಳನ್ನು ಸಾಕುತ್ತಾನೆ. ಬಾಡು ಎಂಬ ನಾಯಿಯೂ ಅವನ ಬಿಡಾರದ ಒಬ್ಬ ಸದಸ್ಯ. ಆದರೆ ಆ ಎತ್ತುಗಳಿಂದ ಸ್ವಂತ ಬೇಸಾಯ ಮಾಡುವ ಹಕ್ಕು ಅವನಿಗಿಲ್ಲ; ಹೊಳೆಯಲ್ಲಿ ಮುಳುಗುವ ಅವನ ಮಗನನ್ನು ಮುಟ್ಟಿ ಎತ್ತುವ ಕೈಗಳಿಲ್ಲ. ಕಾದಂಬರಿಯು ಶಾಸನವಲ್ಲವಾದರೂ, ಸಾಕುವ ಹಕ್ಕೂ ಸಾಕಲ್ಪಡುವ ಹಕ್ಕೂ ಜಾತಿಯಿಂದ ಅಳೆಯಲ್ಪಡುತ್ತಿದ್ದುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯವು ದುರ್ಲಭ. ಕೊರಗರ ಮೇಲೆ ಹೇರಿದ 'ಅಜಲು' ಪದ್ಧತಿಯನ್ನು ನಿಷೇಧಿಸುವ ಕಾಯಿದೆಯನ್ನು ರಾಜ್ಯವು ೨೦೦೦ದಷ್ಟು ಈಚೆಗೆ ಮಾಡಬೇಕಾಗಿ ಬಂತೆಂಬುದನ್ನೂ ಇಲ್ಲಿ ನೆನೆಯಬೇಕು.

೭

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ವ್ಯವಸ್ಥೆಯು ಕರಗತೊಡಗಿತು. ೧೯೪೯ರ ಅಳಿಯಸಂತಾನ ಕಾಯಿದೆಯು ದೊಡ್ಡ ಕುಟುಂಬಗಳ ಪಾಲುಪಟ್ಟಿಗೆ ದಾರಿಮಾಡಿತು. ೧೯೭೪ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯು ಚಾಲಗೇಣಿ ಒಕ್ಕಲುಗಳನ್ನು ಒಡೆಯರನ್ನಾಗಿಸಿತು. ಅವರ ಮಕ್ಕಳು ಗಂಟಿಯನ್ನು ಬಿಟ್ಟು ಶಾಲೆಯತ್ತ ನಡೆದರು. ಇನ್ನು ಕೆಲವರು ಮುಂಬಯಿಯ ಹೋಟೆಲುಗಳತ್ತ ಸಾಗಿದರು. ಹೋಟೆಲಿನಲ್ಲಿ ಬಡಿಸುವವನಿಗೆ ಕನ್ನಡನಾಡೆಲ್ಲ 'ಮಾಣಿ' ಎಂದು ಹೆಸರಾದುದು ಕರಾವಳಿಯಲ್ಲಿ ಹುಡುಗನಿಗಿರುವ ಹೆಸರಿನಿಂದಲೇ. ಗದ್ದೆಗೆ ಟಿಲ್ಲರು ಬಂದಿತು. ಹಟ್ಟಿಗೆ ಜರ್ಸಿ ತಳಿಯ ದೊಡ್ಡ ಹಸು ಬಂದಿತು. ಈ ಹಸುವನ್ನು ಹಗ್ಗ ಹಿಡಿದು ನಡೆಸುವುದು ಮಗುವಿನ ಅಳವಲ್ಲ.

ಇಂದು ಅದೇ ಮನೆಗಳ ಮೊಮ್ಮಕ್ಕಳು ನಾಯಿಮರಿಯನ್ನು ಸೋಫಾದ ಮೇಲೆ ಕೂರಿಸಿಕೊಳ್ಳುವರು. ಥಾಮಸರ ಮೂರು ಲಕ್ಷಣಗಳೂ ಈಗ ತುಂಬಿವೆ. ಇದನ್ನು ಪಡುವಲಿನ ಅನುಕರಣೆಯೆಂದು ಜರೆಯುವವರುಂಟು. ಪ್ರಗತಿಯೆಂದು ಹೊಗಳುವವರೂ ಉಂಟು. ನಮ್ಮ ಅಭಿಪ್ರಾಯದಲ್ಲಿ ಎರಡೂ ಅರೆಮಾತುಗಳು. ಮಗುವಿನ ಹೆಗಲಿನಿಂದ ದುಡಿಮೆಯು ಇಳಿದುದು ನಿಶ್ಚಯವಾಗಿಯೂ ಲಾಭ. ಆದರೆ ತನ್ನ ಕೈಯ ಅಕ್ಕಚ್ಚಿಗಾಗಿ ಇನ್ನೊಂದು ಜೀವವು ಕಾದಿರುತ್ತದೆಂಬ ಹೊಣೆಯರಿವು, ಸಾಕಿದುದು ಸಾಯುವುದೆಂಬ ತಿಳಿವು, ಹಟ್ಟಿಯಲ್ಲಿ ಕಲಿತ ಈ ಎರಡು ಪಾಠಗಳು ಹೊಸ ಮನೆಯಲ್ಲಿ ತಾವಾಗಿ ಒದಗುವುದಿಲ್ಲ. ನಾಯಿಮರಿಯನ್ನು ತಂದುಕೊಟ್ಟರಷ್ಟೇ ಸಾಲದು, ಅದರ ಅನ್ನವನ್ನೂ ಚುಚ್ಚುಮದ್ದಿನ ದಿನವನ್ನೂ ಮಗುವಿನ ಲೆಕ್ಕಕ್ಕೆ ಹಿರಿಯರು ಸೇರಿಸಬೇಕಾಗುತ್ತದೆ.

ಈ ವಿಷಯದ ಆಕರಗಳು ಶಾಸನಗಳಲ್ಲಿಲ್ಲ. ಮನೆಗಳ ಕಡತ, ಪಾಲುಪಟ್ಟಿಗಳಲ್ಲಿ ದನಕರುಗಳ ವಿಂಗಡಣೆ, ದೊಡ್ಡಿಯ ದಂಡದ ಚೀಟಿ, ಶಾಲೆಗಳ ಹಾಜರಿ ಪುಸ್ತಕ, ಎಲ್ಲಕ್ಕಿಂತ ಮಿಗಿಲಾಗಿ ಗಂಟಿ ಕಾದ ಕೊನೆಯ ತಲೆಮಾರಿನ ಅಜ್ಜ ಅಜ್ಜಿಯರ ನೆನಪು, ಇವೇ ಇದರ ಆಕರಗಳು. ಆ ತಲೆಮಾರು ಈಗ ಎಪ್ಪತ್ತು ಎಂಬತ್ತನ್ನು ದಾಟಿದೆ. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ತಮ್ಮ ಮನೆಯ ಜಗಲಿಯಿಂದಲೇ ಈ ಸಂಗ್ರಹವನ್ನು ಆರಂಭಿಸಬಹುದು.