ನೂರು ಕಾರಿನ ಲೆಕ್ಕ, ಲಕ್ಷ ಕಾರಿನ ಲೆಕ್ಕ

ನಾರು, ಕರಟ, ಮಟ್ಟೆ ಯಾವುದನ್ನೂ ದಂಡ ಮಾಡದ ತಿಪಟೂರು ಸೀಮೆಯವನು ನಾನು. ಕಡಿಮೆ ದುಡ್ಡಲ್ಲಿ ಕಾರು ಕಟ್ಟಿದವರ ಕಥೆ ಅಂದ್ರೆ ಕಿವಿ ನೆಟ್ಟಗಾಗುತ್ತೆ.

ಅಮೆರಿಕದಲ್ಲಿ 2006ರಲ್ಲಿ ಶುರುವಾದ ‘24 ಅವರ್ಸ್ ಆಫ್ ಲೆಮನ್ಸ್’ ರೇಸಿನಲ್ಲಿ ಕಾರಿಗೆ 500 ಡಾಲರ್ ಮಿತಿ. ಬ್ರೇಕು, ಟೈರು, ಸುರಕ್ಷತೆಯ ಸಾಮಾನು ಮಾತ್ರ ಲೆಕ್ಕಕ್ಕಿಲ್ಲ. ಜೀವದ ವಿಷಯದಲ್ಲಿ ಜುಗ್ಗತನ ಬೇಡ ಅಂತ.

ಅದಕ್ಕಿಂತ ಎಷ್ಟೋ ಮೊದಲೇ ಬೆಂಗಳೂರಲ್ಲೂ ಇಂಥ ಪಂದ್ಯ ನಡೆದಿತ್ತು, ಮಾರುಕಟ್ಟೇಲಿ. ಮುಂದೆ ಸಿಪಾನಿ ಅಂತ ಹೆಸರಾದ ಕಂಪನಿ 1970ರ ದಶಕದಲ್ಲಿ ‘ಬಾದಲ್’ ಮಾಡಿತು. ಮೂರೇ ಚಕ್ರ, ಫೈಬರ್‌ಗ್ಲಾಸ್ ಮೈ. ತಗಡಿನ ಮೈಗೆ ಭಾರೀ ಪ್ರೆಸ್ಸು, ಡೈ ಬೇಕು, ಬಂಡವಾಳ ಸುರೀಬೇಕು. ಫೈಬರ್‌ಗ್ಲಾಸನ್ನ ಅಚ್ಚಿನ ಮೇಲೆ ಕೈಯಲ್ಲೇ ಹಾಸಬಹುದು. 1982ರ ‘ಡಾಲ್ಫಿನ್’ಗೂ ಅದೇ ಮೈ. ಚಕ್ರ ನಾಲ್ಕಾದವು, ಬಾಗಿಲು ಎರಡೇ. ಹಗುರವಾಗಿದ್ದ ಕಾರು ರ‍್ಯಾಲಿಗಳಲ್ಲಿ ಮಿಂಚಿತು.

1983ರ ಡಿಸೆಂಬರಲ್ಲಿ ಮಾರುತಿ 800 ಬಂತು. ತಗಡಿನ ಮೈ, ನಾಲ್ಕು ಬಾಗಿಲು. ಡೈಗಳ ಖರ್ಚು ಲಕ್ಷಗಟ್ಟಲೆ ಕಾರುಗಳಿಗೆ ಹಂಚಿಹೋಯಿತು. ಕೈಯಲ್ಲಿ ಹಾಸೋ ಮೈಗಾದರೋ ಪ್ರತಿ ಕಾರಿಗೂ ಅಷ್ಟೇ ಕೂಲಿ, ಅಷ್ಟೇ ಹೊತ್ತು. ನೂರು ಕಾರಿಗೆ ಉಳಿತಾಯವಾಗಿದ್ದೇ ಲಕ್ಷ ಕಾರಿಗೆ ದುಬಾರಿ.

ರೇಸಿನಲ್ಲಿ 500 ಡಾಲರ್ ಮಿತಿ ಎಲ್ಲರಿಗೂ ಒಂದೇ. ಮಾರುಕಟ್ಟೇಲಿ ಆ ನಿಯಮ ಇಲ್ಲ. ಸಿಪಾನಿಯವರ ಜಾಣತನಕ್ಕೆ ಕೊರತೆ ಇರಲಿಲ್ಲ. ಎದುರಾಳಿಯ ಬಂಡವಾಳಕ್ಕೆ ಮಿತಿ ಹಾಕೋರು ಇರಲಿಲ್ಲ, ಅಷ್ಟೆ.