ಐಲಾ ದ್ವೀಪದ ಹೊಗೆ

ಹೊಗೆಯ ವಾಸನೆಗೆ ಹಣ ತೆತ್ತು ಕೊಳ್ಳುವವರುಂಟೆ ಎಂದು ನೀವು ಕೇಳಬಹುದು. ಉಂಟು. ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಐಲಾ ದ್ವೀಪದ ಸಿಂಗಲ್ ಮಾಲ್ಟ್ ವಿಸ್ಕಿಗೆ, ಎಂದರೆ ಒಂದೇ ಭಟ್ಟಿಯಲ್ಲಿ ಬರಿಯ ಮೊಳೆತ ಬಾರ್ಲಿಯಿಂದ ಇಳಿಸಿದ ಮದ್ಯಕ್ಕೆ, ಆ ವಾಸನೆಯೇ ಕೀರ್ತಿ.

ಬಿರುಗಾಳಿಯ ಆ ದ್ವೀಪದಲ್ಲಿ ಮರಗಳು ವಿರಳ. ಜೌಗು ನೆಲದಲ್ಲಿ ಪಾಚಿ, ಹುಲ್ಲುಗಳು ಅರೆಕೊಳೆತು ಪದರಗಟ್ಟಿದ ‘ಪೀಟ್’ ಎಂಬ ಕರಿಮಣ್ಣೇ ಸೌದೆ. ಅದನ್ನು ಇಟ್ಟಿಗೆಯಂತೆ ಕೊಯ್ದು ಒಣಗಿಸಿ ಒಲೆಗೆ ಹಾಕುತ್ತಿದ್ದರು. ಮೊಳೆತ ಬಾರ್ಲಿಯನ್ನು ಒಣಗಿಸಲೂ ಅದೇ ಬೆಂಕಿ. ಹೊಗೆಯ ಫೀನಾಲುಗಳು ಕಾಳಿಗೆ ಅಂಟಿ, ಭಟ್ಟಿಯನ್ನು ದಾಟಿ, ಓಕ್ ಪೀಪಾಯಿಯಲ್ಲಿ ವರ್ಷಗಟ್ಟಲೆ ಕಳೆದರೂ ಉಳಿದವು. ಈ ಗುಣ ಯಾರೂ ರುಚಿಗೆಂದು ಹುಡುಕಿದ್ದಲ್ಲ; ಸೌದೆಯ ಕೊರತೆ ಕೊಟ್ಟದ್ದು.

ಮುಂದೆ ಕಲ್ಲಿದ್ದಲು ಬಂದು ಸ್ಕಾಟ್ಲೆಂಡಿನ ಬಹುಭಾಗದಲ್ಲಿ ಹೊಗೆ ತಗ್ಗಿತು. ಐಲಾದ ಹಲವು ಭಟ್ಟಿಗಳು ಮಾತ್ರ ಬಿಡಲಿಲ್ಲ. 1815ರಲ್ಲಿ ಆರಂಭವಾದ ಆರ್ಡ್‌ಬೆಗ್ ಭಟ್ಟಿ, ವಿಸ್ಕಿಗೆ ಬೇಡಿಕೆ ಕುಸಿದ ಕಾಲದಲ್ಲಿ, 1981ರಲ್ಲಿ ಬಾಗಿಲು ಹಾಕಿತು. 1997ರಲ್ಲಿ ಹೊಸ ಒಡೆಯರ ಕೈಸೇರಿದ ಮೇಲೆ ಅದೇ ಹೊಗೆಯಿಂದಲೇ ಲೋಕವಿಖ್ಯಾತವಾಯಿತು.

ಆದರೆ ಒಂದು ಮಾತು ನೆನಪಿರಲಿ. ಪೀಟ್ ವರ್ಷಕ್ಕೆ ಬೆಳೆಯುವುದು ಸುಮಾರು 1 ಮಿಲಿಮೀಟರ್. ಒಂದು ಮೀಟರ್ ಅಗೆದರೆ ಸಾವಿರ ವರ್ಷ ಅಗೆದಂತೆ. ಅಂದು ಕೊರತೆ ಕಲಿಸಿದ ರುಚಿಗೆ ಇಂದು ಆ ಮಣ್ಣೇ ಕೊರತೆಯಾಗದಂತೆ ಕಾಯಬೇಕಾಗಿದೆ.